ಕೋಳಿ ಸಾಕಣೆಯ ಸಂಶೋಧಕಿ

ಅವಳಿಗೆ ಎರಡನೆಯ ದಿನ ಇರಲಿಲ್ಲ.

ಸೆಮಿನಾರಿಗೆ ಕರೆಸಿಕೊಂಡವರು ಕೊಟ್ಟ ಟಿಕೆಟ್ಟಿನಲ್ಲಿ, ಸೆಮಿನಾರು ಮುಗಿದ ಸಂಜೆಗೂ ವಿಮಾನ ಹತ್ತಬೇಕಾದ ಬೆಳಗಿಗೂ ನಡುವೆ ಒಂದೇ ಒಂದು ದಿನ ಖಾಲಿ ಉಳಿದಿತ್ತು. ನಿಜ ಹೇಳಬೇಕೆಂದರೆ ಆ ಒಂದು ದಿನದ ಆಸೆಗೇ ಅವಳು ಸೆಮಿನಾರಿಗೆ ಒಪ್ಪಿಕೊಂಡಿದ್ದು. ಆ ಪರದೇಶದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅವಳಿಗೆ ಬೇಕಾದ ಒಂದು ಸಂಪುಟವಿತ್ತು. ಹಿಂದೊಂದು ಕಾಲದಲ್ಲಿ ಅವಳ ನಾಡನ್ನು ಆಳಿದವರು ಅಲ್ಲಿ ಅಚ್ಚಾದ ಪ್ರತಿಯೊಂದು ಕಾಗದದ ಒಂದು ಪ್ರತಿಯನ್ನು ತಮ್ಮ ದೇಶಕ್ಕೆ ಸಾಗಿಸುತ್ತಿದ್ದರು. ಓದುವುದಕ್ಕಲ್ಲ, ಯಾರು ಏನು ಬರೆಯುತ್ತಿದ್ದಾರೆ ಎಂದು ಕಣ್ಣಿಡುವುದಕ್ಕೆ. ಹಾಗೆ ಹಡಗು ಹತ್ತಿದ ರಾಶಿಯಲ್ಲಿ ಒಂದು ನಾಟಕ ಕಂಪನಿಯ ಹಾಡಿನ ಪುಸ್ತಕಗಳೂ ಇದ್ದವು. ಡೇರೆಯ ಬಾಗಿಲಲ್ಲಿ ಟಿಕೆಟ್ಟಿನ ಜೊತೆ ಮಾರುತ್ತಿದ್ದ, ಆಟ ಮುಗಿದ ಮೇಲೆ ಕಡಲೆಕಾಯಿ ಸಿಪ್ಪೆಯ ಜೊತೆ ಕಸಕ್ಕೆ ಹೋಗುತ್ತಿದ್ದ ತೆಳ್ಳನೆಯ ಪುಸ್ತಕಗಳು. ಊರಲ್ಲಿ ಒಂದೂ ಉಳಿದಿರಲಿಲ್ಲ. ಇಲ್ಲಿ ಹನ್ನೊಂದನ್ನು ಒಟ್ಟಿಗೆ ಹೊಲಿದು ಒಂದು ರಟ್ಟು ಹಾಕಿ ಇಟ್ಟಿದ್ದರು.

ಆ ಕಂಪನಿಯಲ್ಲಿ ಹೆಂಗಸರು ರಂಗಕ್ಕೆ ಬಂದು ಹಾಡುತ್ತಿದ್ದರು, ಹಾಡಿದವಳ ಹೆಸರನ್ನು ಹಾಡಿನ ತಲೆಯ ಮೇಲೆ ಅಚ್ಚು ಮಾಡುತ್ತಿದ್ದರು ಎಂಬುದು ಅವಳ ಮಹಾಪ್ರಬಂಧದ ನಾಲ್ಕನೆಯ ಅಧ್ಯಾಯ. ಅದಕ್ಕೆ ಅವಳ ಕೈಯಲ್ಲಿದ್ದ ಆಧಾರ ಒಂದು ಹರಿದ ಹಾಳೆ.

"ಒಂದು ಹಾಳೆ ಹಿಡ್ಕೊಂಡು ಅಧ್ಯಾಯ ಬರೆದ್ರೆ ಪರೀಕ್ಷಕರು ನಿನ್ನನ್ನ ಬಿಟ್ಟು ನನ್ನನ್ನ ಹುರಿದು ತಿಂತಾರೆ" ಎಂದಿದ್ದರು ಗೈಡ್. "ಪುಸ್ತಕ ನೋಡಿದ್ರೆ ಅಧ್ಯಾಯ ಇಡು. ಇಲ್ಲಾಂದ್ರೆ ತೆಗಿ."

ಪ್ರಬಂಧ ಒಪ್ಪಿಸುವ ಗಡುವು ವರ್ಷದ ಕೊನೆಗಿತ್ತು. ಗ್ರಂಥಾಲಯದವರೋ, ತಮ್ಮ ಹಳೆಯ ಗೋದಾಮನ್ನು ಹೊಸ ಕಟ್ಟಡಕ್ಕೆ ಸಾಗಿಸುವ ಸಲುವಾಗಿ ಮೂರು ವರ್ಷ ಮುಚ್ಚುವುದಾಗಿ ಸಾರಿದ್ದರು. ದೂರದವರಿಗೆ ನಕಲು ಮಾಡಿ ಕಳಿಸುವ ವಿಭಾಗ ಆಗಲೇ ಮುಚ್ಚಿತ್ತು. ಅವಳು ಗ್ರಂಥಾಲಯಕ್ಕೆ ಬರುವ ದಿನ ಬಿಟ್ಟರೆ ಅದು ತೆರೆದಿರುವುದು ಮಾರನೆಯ ದಿನ ಒಂದೇ. ಆ ಸಂಜೆಗೆ ಗೋದಾಮಿಗೆ ಬೀಗ.

ಇಷ್ಟೇ ಆಗಿದ್ದರೆ ಅವಳು ನೆಟ್ಟಗೆ ಹೋಗಿ ಪುಸ್ತಕ ಕೇಳಿ, ನೋಡಿ, ಫೋಟೋ ತೆಗೆದುಕೊಂಡು ಬರುತ್ತಿದ್ದಳು. ಆದರೆ ಹಾಸ್ಟೆಲಿನಲ್ಲಿ ಅವಳನ್ನು 'ಪತ್ತೇದಾರಿ' ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಮೆಸ್ಸಿನಲ್ಲಿ ಹಾಲು ಕಡಿಮೆಯಾದಾಗ ಎಲ್ಲರ ಮೇಲ್ದುಟಿಯನ್ನೂ ನೋಡುತ್ತಾ ಓಡಾಡಿದವಳು ಅವಳು. ಆ ಸ್ವಭಾವಕ್ಕೆ ಈಚೆಗೆ ಕಾರಣವೂ ಸಿಕ್ಕಿತ್ತು. ಅವಳ ಗೈಡಿನ ಕೋಣೆಯಲ್ಲಿ ಸದಾ ಬೀಡುಬಿಟ್ಟಿರುತ್ತಿದ್ದ ಸೀನಿಯರ್ ಒಬ್ಬನಿದ್ದ. ಗೈಡ್ ಕೆಮ್ಮಿದರೂ ಭಲೇ ಎಂದು ತಲೆದೂಗುತ್ತಾನೆ ಎಂದು ಹುಡುಗಿಯರು ಅವನಿಗೆ 'ಆಸ್ಥಾನ' ಎಂದು ಹೆಸರಿಟ್ಟಿದ್ದರು. ಹಳೆಯ ಪತ್ರಿಕೆಯಲ್ಲಿ ತಾನು ಕಂಡ ಒಂದು ನಾಟಕದ ಜಾಹೀರಾತನ್ನು ಅವಳು ಕ್ಯಾಂಟೀನಿನಲ್ಲಿ ಅವನಿಗೆ ತೋರಿಸಿದ್ದಳು. ಅದು ಸಂಶೋಧನಾ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಅವನ ಲೇಖನವಾಗಿ ಬಂತು. ಅಡಿಟಿಪ್ಪಣಿಯಲ್ಲಿ 'ಈ ಮಾಹಿತಿಗಾಗಿ ಗೆಳೆಯರಿಗೆ ಋಣಿ' ಎಂದಿತ್ತು.

ಹೊರಡುವ ಹಿಂದಿನ ದಿನ ಅದೇ ಆಸ್ಥಾನ ಮೆಟ್ಟಿಲ ಮೇಲೆ ಸಿಕ್ಕಿ ಹಲ್ಲು ಕಿರಿದಿದ್ದ.

"ಏನು ಪತ್ತೇದಾರಿ, ಫಾರಿನ್ನು! ಅಲ್ಲಿ ನಮ್ಮೋರೊಬ್ರು ಇದಾರೆ. ದಿನಾ ಲೈಬ್ರರಿ ಕಡೆ ಹೋಗೋರೇ. ನಿನ್ನ ಮೇಲೆ ಒಂದು ಕಣ್ಣಿಡೋಕೆ ಹೇಳ್ಲಾ?"

"ನಿಮ್ಮ ಕಣ್ಣೇ ಸಾಕಾಗಿದೆ" ಎಂದು ಅವಳು ಮೆಟ್ಟಿಲಿಳಿದಿದ್ದಳು. ಆದರೆ ಆ ಮಾತು ಅವಳ ಜೊತೆಗೇ ವಿಮಾನ ಹತ್ತಿತ್ತು. ಸಂಪುಟದ ನಂಬರನ್ನು ಅವಳು ಎಲ್ಲಿಯೂ ಬರೆದಿಟ್ಟುಕೊಳ್ಳಲಿಲ್ಲ. ಬಾಯಿಪಾಠ ಮಾಡಿಕೊಂಡಳು. ಹಲ್ಲುಜ್ಜುವಾಗ ಒಮ್ಮೆ, ಮಲಗುವಾಗ ಒಮ್ಮೆ ಮಗ್ಗಿಯಂತೆ ಒಪ್ಪಿಸಿಕೊಂಡಳು.

ಗ್ರಂಥಾಲಯವೂ ಅವಳಂಥದ್ದೇ. ಬಾಗಿಲಲ್ಲಿ ಚೀಲ ತೆರೆದು ನೋಡಿದರು. ಕೋಟು, ಛತ್ರಿ, ಪೆನ್ನು, ನೀರಿನ ಬಾಟಲಿ ಎಲ್ಲ ನೆಲಮಾಳಿಗೆಯ ಲಾಕರಿಗೆ. ಒಳಗೆ ಒಯ್ಯಬಹುದಾದದ್ದನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳಬೇಕು: ಪೆನ್ಸಿಲ್ಲು, ಬಿಳಿ ಹಾಳೆ, ಫೋಟೋ ತೆಗೆಯುವವರಿಗೆ ಫೋನು. ಕರೆ ಮಾಡುವುದು ಹೊರಗಿನ ಓಣಿಯಲ್ಲಿ ಮಾತ್ರ. ಎಲ್ಲರೂ ತಂತಮ್ಮ ಸಾಮಾನನ್ನು ಎಲ್ಲರಿಗೂ ಕಾಣುವಂತೆ ಹಿಡಿದು ನಡೆಯುತ್ತಿದ್ದರು. ಕಾರ್ಡು ಮಾಡಿಕೊಡುವ ಕೌಂಟರಿನಲ್ಲಿ ಕುತ್ತಿಗೆಗೆ ಕನ್ನಡಕ ಜೋತುಹಾಕಿಕೊಂಡ ಹೆಂಗಸು, ಯಾವ ವಿಷಯ ನೋಡಲು ಬಂದಿದ್ದೀರಿ ಎಂದು ಕೇಳಿದಳು. ಕೇಳುವುದು ಅವಳ ಕೆಲಸ. ಆದರೂ ಇವಳು ಒಂದು ಕ್ಷಣ ಅವಳ ಮುಖ ನೋಡಿ, "ಸಾಮಾನ್ಯ ಇತಿಹಾಸ" ಎಂದಳು.

ಓದುವ ಕೋಣೆ ಎತ್ತರದ ಚಾವಣಿಯದು. ಸಾಲು ಸಾಲಾಗಿ ಉದ್ದದ ಮೇಜುಗಳು, ಪ್ರತಿ ಕುರ್ಚಿಗೂ ಒಂದು ಹಿತ್ತಾಳೆಯ ನಂಬರು, ಒಂದು ಹಸಿರು ದೀಪ. ಗೋಡೆಯ ಪಕ್ಕದ ಕಂಪ್ಯೂಟರಿನಲ್ಲಿ ಪುಸ್ತಕದ ನಂಬರು ಒತ್ತಿ ತರಿಸಿಕೊಳ್ಳಬೇಕು. ಪುಸ್ತಕ ಕೌಂಟರಿಗೆ ಬಂದಾಗ ನಿಮ್ಮ ದೀಪ ಹತ್ತುತ್ತದೆ. ಒಬ್ಬರಿಗೆ ದಿನಕ್ಕೆ ಆರು ಪುಸ್ತಕ. ಮಾತಿಲ್ಲ. ಹಾಳೆ ತಿರುವುವ ಸದ್ದು, ಯಾರೋ ಮೂಗೆಳೆಯುವ ಸದ್ದು, ನೆಲಹಾಸಿನ ಮೇಲೆ ಪುಸ್ತಕದ ಗಾಡಿ ಉರುಳುವ ಸದ್ದು.

ಅವಳು ತನಗೆ ಸಿಕ್ಕ ಕುರ್ಚಿಯ ಮುಂದೆ ಮೇಜಿನ ಮೇಲೆ ಹಾಳೆ ಇಟ್ಟು, ನೀರು ಕುಡಿಯಲೆಂದು ಹೊರಗಿನ ಓಣಿಗೆ ಬಂದಳು. ಅಲ್ಲಿ ಕಿಟಕಿಯ ಪಕ್ಕ ಕೈಹೆಣಿಗೆಯ ಸ್ವೆಟರು ತೊಟ್ಟ ಒಬ್ಬ ವಯಸ್ಸಾದ ಮನುಷ್ಯ ಫೋನಿನಲ್ಲಿ ಮಾತಾಡುತ್ತಿದ್ದ. ಅವಳ ಭಾಷೆಯಲ್ಲೇ.

"ಹ್ಞೂಂ, ಇವತ್ತು ಬಂದಿರಬೇಕು. ಇನ್ನೂ ನೋಡಿಲ್ಲ. ಬಂದ ತಕ್ಷಣ ಹೇಳ್ತೀನಿ ಬಿಡು."

ಇಷ್ಟು ದೊಡ್ಡ ದೇಶ, ಇಷ್ಟು ದೊಡ್ಡ ಕಟ್ಟಡ. ಅದರಲ್ಲಿ ಸರಿಯಾಗಿ ಇವತ್ತು, ಸರಿಯಾಗಿ ಈ ಓಣಿಯಲ್ಲಿ, ತನ್ನ ಭಾಷೆ ಮಾತಾಡುವವನು ಒಬ್ಬ. ಬಂದಿರಬೇಕಂತೆ. ಬಂದ ತಕ್ಷಣ ಹೇಳುತ್ತಾನಂತೆ. ನಮ್ಮೋರೊಬ್ರು ಎಂದರೆ ಇವರೇ.

ಅವಳು ಸದ್ದಿಲ್ಲದೆ ಒಳಗೆ ಹೋಗಿ ಕುಳಿತಳು. ಆ ಮನುಷ್ಯ ಹಿಂದೆಯೇ ಬಂದು ಪಕ್ಕದ ಕುರ್ಚಿಯನ್ನೇ ಎಳೆದುಕೊಂಡ. ಅವನ ಪುಸ್ತಕಗಳು ಅಲ್ಲಿ ಮೊದಲಿನಿಂದಲೂ ಇದ್ದವು, ಗ್ರಂಥಾಲಯದವರು ಕೊಡುವ ಫೋಮಿನ ದಿಂಬಿಗೆ ಒರಗಿಕೊಂಡು. ಅದನ್ನು ಅವಳು ಗಮನಿಸಿದ್ದರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಅವಳ ಹಾಳೆಯ ಅಂಚಿನಲ್ಲಿ ಅವಳದೇ ಲಿಪಿಯಲ್ಲಿ ಬರೆದ ಎರಡು ಪದ ಅವನ ಕಣ್ಣಿಗೆ ಬಿದ್ದವು.

"ಅರೆ!" ಎಂದ ಪಿಸುದನಿಯಲ್ಲಿ. ಆ ಪಿಸುದನಿಗೇ ಎದುರು ಮೇಜಿನವರು ತಲೆ ಎತ್ತಿದರು. "ನಮ್ಮೋರಾ? ಏನಮ್ಮ, ಯಾವೂರು?"

ಅವಳು ಒಂದು ಊರಿನ ಹೆಸರು ಹೇಳಿದಳು. ಅವಳದಲ್ಲ, ಅವಳ ಅಕ್ಕನ ಗಂಡನ ಊರು.

"ಓಹೋ. ಏನು ಓದ್ತಾ ಇದೀರಿ?"

ನಾಟಕದಿಂದ ಎಷ್ಟು ದೂರ ಹೋಗಲು ಸಾಧ್ಯವೋ ಅಷ್ಟು ದೂರ ಹೋಗಬೇಕಿತ್ತು. ಹಿತ್ತಲಲ್ಲಿ ಅಮ್ಮ ಸಾಕಿದ್ದ ನಾಲ್ಕು ಹೇಂಟೆ ಕಣ್ಮುಂದೆ ಬಂದವು.

"ಕೋಳಿ" ಎಂದಳು. "ಕೋಳಿ ಸಾಕಣೆ. ಅದರ ಇತಿಹಾಸ."

ಮನುಷ್ಯನ ಮುಖ ಅರಳಿತು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವಳನ್ನು ನೋಡಿದ.

"ತಾಯಿ, ನಾನು ದನದ ಡಾಕ್ಟ್ರು! ಸರ್ವಿಸೆಲ್ಲಾ ದನ, ಕುರಿ, ಕೋಳಿ. ಈಗ ರಿಟೈರಾಗಿ ಮಗಳ ಮನೇಲಿದೀನಿ. ಬಾಣಂತನಕ್ಕೆ ಅಂತ ನಮ್ಮ ಮನೆಯವರು ಬಂದ್ರು, ಲಗೇಜಿನ ಜೊತೆ ನನ್ನೂ ತಂದ್ರು. ಮನೇಲಿ ಕೂತ್ರೆ ಮಗು ಅಳುತ್ತೆ, ಮಗು ಮಲಗಿದ್ರೆ ನನ್ನ ಕೆಮ್ಮಿಗೆ ಬೈತಾರೆ. ಇಲ್ಲಿಗೆ ಬಂದು ಹಳೇ ದನದ ರೋಗದ ವರದಿ ಓದ್ತೀನಿ. ನಿಮ್ಮಂಥೋರು ಸಿಗೋದು ನನ್ನ ಪುಣ್ಯ."

ಕೋಳಿ ಎಂದ ಕೂಡಲೇ ಕೋಳಿ ಡಾಕ್ಟರು. ನಾಟಕ ಎಂದಿದ್ದರೆ ಬಣ್ಣ ಹಚ್ಚುವವನಾಗುತ್ತಿದ್ದನೋ ಏನೋ. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದು ನಿಜವಾಗಿರಲು ಸಾಧ್ಯವೇ ಇಲ್ಲ ಎಂದು ಅವಳು ತೀರ್ಮಾನಿಸಿದಳು.

"ಒಂದು ಮಾತು ಹೇಳ್ತೀನಿ" ಎಂದ ಡಾಕ್ಟರು, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದು. "ಇಲ್ಲಿ ಎರಡು ಥರ ಪುಸ್ತಕ. ಈ ಕಟ್ಟಡದ್ದು ಅರ್ಧ ಗಂಟೇಲಿ ಬರುತ್ತೆ. ಹಳೇ ಗೋದಾಮಿಂದು ವ್ಯಾನಲ್ಲಿ ಬರಬೇಕು. ಹನ್ನೊಂದು ಗಂಟೆ ಒಳಗೆ ಕೇಳಿದ್ರೆ ಇವತ್ತು, ಆಮೇಲೆ ಕೇಳಿದ್ರೆ ನಾಳೆ. ನಂದೂ ಒಂದು ವರದಿ ಇವತ್ತು ಬರಬೇಕು, ಊರಿನ ಗೆಳೆಯ ಫೋನ್ ಮಾಡಿ ಮಾಡಿ ಕೇಳ್ತಿದಾನೆ. ಗೋದಾಮಿಂದು ಏನಾದ್ರೂ ಇದ್ರೆ ಈಗ್ಲೇ ಒತ್ತಿಬಿಡಿ. ನಿಮಗೆ ಮುಖ್ಯವಾದದ್ದು ಯಾವ್ದೋ ಅದನ್ನ ಮೊದ್ಲು. ಬನ್ನಿ, ನಂಬರ್ ಹೇಳಿ, ನಾನು ತೋರಿಸ್ತೀನಿ ಹೇಗೆ ಅಂತ."

ಎಷ್ಟು ನಯವಾಗಿ ಬಲೆ ಬೀಸುತ್ತಾನೆ ಎಂದುಕೊಂಡಳು. ಮುಖ್ಯವಾದದ್ದು ಮೊದಲಂತೆ, ನಂಬರು ಹೇಳಬೇಕಂತೆ, ಈಗಲೇ ಅಂತೆ.

"ಇಲ್ಲ ಸರ್, ನನ್ನದು ಯಾವುದೂ ಗೋದಾಮಿಂದಲ್ಲ" ಎಂದಳು. "ಎಲ್ಲ ಇಲ್ಲಿಯದೇ."

"ಹಾಗಾದ್ರೆ ಒಳ್ಳೇದೇ ಆಯ್ತು. ಬನ್ನಿ ಬನ್ನಿ."

ಬೇಡವೆನ್ನಲು ಅವಳಿಗೆ ನೆಪ ತೋಚಲಿಲ್ಲ. ಕಂಪ್ಯೂಟರಿನ ಮುಂದೆ ಅವಳನ್ನು ಕೂರಿಸಿ, ಹಿಂದೆ ನಿಂತು, ಡಾಕ್ಟರು ಒಂದೊಂದೇ ಪುಸ್ತಕ ಹೇಳುತ್ತಾ ಹೋದ. ಮೊಟ್ಟೆಗೆ ಶಾಖ ಕೊಡುವ ಪೆಟ್ಟಿಗೆಗಳ ಮೇಲೆ ಒಂದು. ಜೈಲುಗಳಲ್ಲಿ ಕೋಳಿ ಸಾಕಿದ ಪ್ರಯೋಗದ ಮೇಲೆ ಒಂದು. ಕೋಳಿಯ ಪುಕ್ಕ ಉದುರುವುದರ ಮೇಲೆ ಒಂದು, ಅದು ಎರಡು ಭಾಗ. ಅವಳು ಒತ್ತಿದಳು. ನಾಲ್ಕಾಯಿತು. ಉಳಿದ ಎರಡನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು, "ಸಾಕು ಸರ್, ಮೊದ್ಲು ಇವನ್ನ ಓದ್ತೀನಿ" ಎಂದಳು.

"ಅದೂ ಸರಿ. ಪುಕ್ಕದ್ದು ಬಹಳ ಚೆನ್ನಾಗಿದೆ. ಚಿತ್ರ ಇದೆ."

ಹಸಿರು ದೀಪ ಹತ್ತಿತು. ಅವಳು ಕೌಂಟರಿಗೆ ಹೋಗಿ ನಾಲ್ಕು ದಪ್ಪ ಪುಸ್ತಕ ಹೊತ್ತು ತಂದು ದಿಂಬಿಗೆ ಒರಗಿಸಿ, ಹಾಳೆ ಮುಚ್ಚದಂತೆ ಮೇಲೆ ಸೀಸದ ಗುಂಡು ತುಂಬಿದ ಭಾರದ ದಾರ ಇಟ್ಟು ಓದತೊಡಗಿದಳು. ಓದುವಂತೆ ನಟಿಸುವುದು ಓದುವುದಕ್ಕಿಂತ ದಣಿವಿನ ಕೆಲಸ. ಪಕ್ಕದಿಂದ ಆಗಾಗ ಡಾಕ್ಟರ ಬೆರಳು ಬಂದು ಒಂದು ಸಾಲಿನ ಮೇಲೆ ಇಳಿಯುತ್ತಿತ್ತು. "ಇದು ತಪ್ಪು. ಹುಳದಿಂದ ಪುಕ್ಕ ಉದುರೋದೇ ಬೇರೆ." ಅವಳು ಪೆನ್ಸಿಲಿನಲ್ಲಿ ಬರೆದುಕೊಂಡಳು: ಹುಳದಿಂದ ಉದುರುವುದೇ ಬೇರೆ.

ಬರೆಯುತ್ತಲೇ ಅವನನ್ನೂ ಓದುತ್ತಿದ್ದಳು. ಎರಡು ಸಲ ಎದ್ದು ಓಣಿಗೆ ಹೋದ. ಫೋನು ಕೈಯಲ್ಲೇ ಇತ್ತು. ಒಂದು ಸಲ ಅವಳ ಕಡೆ ತಿರುಗಿ ನಕ್ಕ. ಕೋಳಿಯ ವಿಷಯ ನಿಜವಾಗಿಯೂ ಗೊತ್ತಿದೆ, ಅದು ಸುಳ್ಳಲ್ಲ. ಆದರೆ ಡಾಕ್ಟರಾದವನು ಆಸ್ಥಾನಕ್ಕೆ ಮಾವನೋ ದೊಡ್ಡಪ್ಪನೋ ಆಗಬಾರದೆಂದು ಎಲ್ಲಿದೆ? ಮೂಗೂ ಹಾಗೇ ಇದೆ, ತುದಿಯಲ್ಲಿ ಬಾಗಿದ ಮೂಗು. ನೋಡುತ್ತಾ ನೋಡುತ್ತಾ ಆ ಮೂಗು ಇನ್ನಷ್ಟು ಬಾಗುತ್ತಾ ಹೋಯಿತು.

ಕೊನೆಗೆ ಡಾಕ್ಟರು ಊಟದ ಡಬ್ಬಿ ಲಾಕರಿನಲ್ಲಿದೆ ಎಂದು ಎದ್ದ. "ಬರ್ತೀರಾ? ಮನೆಯವರು ಇಬ್ಬರಿಗಾಗೋಷ್ಟು ಹಾಕ್ತಾರೆ. ನಾನು ತಿಂದು ಸಾಯ್ಲಿ ಅಂತ."

"ಹಸಿವಿಲ್ಲ ಸರ್."

ಅವನು ಬಾಗಿಲು ದಾಟುವುದನ್ನು ನೋಡಿ, ನೂರು ಎಣಿಸುವಷ್ಟು ಹೊತ್ತು ಕಾದು, ಅವಳು ಕಂಪ್ಯೂಟರಿಗೆ ಓಡಿದಳು. ಮಗ್ಗಿಯಂತೆ ಬಾಯಲ್ಲಿದ್ದ ನಂಬರನ್ನು ಒತ್ತಿದಳು. ಸಂಪುಟದ ಹೆಸರು ಪರದೆಯ ಮೇಲೆ ಮೂಡಿತು. ಹನ್ನೊಂದು ಹಾಡಿನ ಪುಸ್ತಕ, ಒಂದೇ ರಟ್ಟು. ಅದರ ಕೆಳಗೆ ಎರಡು ಸಾಲು. ಇರುವ ಜಾಗ: ಹಳೆಯ ಗೋದಾಮು. ಸಿಗುವ ದಿನ: ನಾಳೆ.

ಅವಳು ಒಂದು ಸಲ ಅಳಿಸಿ ಮತ್ತೆ ಒತ್ತಿದಳು. ಪರದೆ ಅದನ್ನೇ ಹೇಳಿತು.

ಕೌಂಟರಿನಲ್ಲಿ ಒಬ್ಬ ಗಡ್ಡದ ಗುಮಾಸ್ತನಿದ್ದ. ಅವಳು ತನ್ನ ಕತೆಯೆಲ್ಲ ಹೇಳಿದಳು. ಬೆಳಗಿನ ವಿಮಾನ, ಗಡುವು, ಅಧ್ಯಾಯ. ಅವನು ಕೊನೆಯವರೆಗೂ ಕೇಳಿ, ತಲೆ ಅಲ್ಲಾಡಿಸಿದ. ವ್ಯಾನು ದಿನಕ್ಕೆ ಒಂದೇ ಸಲ. ಈಗ ಬಂದು ಹೋಯಿತು. ಬೆಳಿಗ್ಗೆ ಕೇಳಿದ್ದರೆ ಈಗ ನಿಮ್ಮ ಮೇಜಿನ ಮೇಲಿರುತ್ತಿತ್ತು. ನಿಮ್ಮ ಕಾರ್ಡಿನ ಮೇಲೆ ನಾಳೆಗೆ ಬಂದರೆ ನೀವೇ ಇರಬೇಕು. ಬೇರೆ ಯಾರಾದರೂ ಓದುಗರು ತಮ್ಮ ಕಾರ್ಡಿನ ಮೇಲೆ ತರಿಸಿ ಫೋಟೋ ತೆಗೆದುಕೊಡಬಹುದು, ಅದಕ್ಕೆ ನಮ್ಮ ಅಡ್ಡಿಯಿಲ್ಲ.

ಬೇರೆ ಯಾರಾದರೂ. ಸೆಮಿನಾರಿನವರು ಇದ್ದದ್ದು ಬೇರೆ ಊರಿನಲ್ಲಿ; ಈ ಊರಿನಲ್ಲಿ ಅವಳಿಗೆ ಗೊತ್ತಿದ್ದದ್ದು ಬಸ್ಸಿನ ನಂಬರು ಒಂದು, ಮತ್ತು ಪಕ್ಕದ ಕುರ್ಚಿಯ ಮನುಷ್ಯ.

ಅವಳು ಪುಕ್ಕದ ಪುಸ್ತಕದ ಮುಂದೆ ಬಂದು ಕುಳಿತಳು. ಹನ್ನೊಂದು ಗಂಟೆಯ ಮಾತನ್ನು ಡಾಕ್ಟರು ನಿಜವೇ ಹೇಳಿದ್ದ. ಹಾಗಾದರೆ ಉಳಿದದ್ದೂ ನಿಜವೇ? ಒಂದು ನಿಜ ಹೇಳಿ ನಂಬಿಸಿ ಆಮೇಲೆ ಕೈಕೊಡುವವರಿಲ್ಲವೇ? ಆಸ್ಥಾನವೂ ಜಾಹೀರಾತು ತೆಗೆದುಕೊಳ್ಳುವ ಮುಂಚೆ ಅವಳಿಗೆ ಎರಡು ಪುಸ್ತಕ ತಂದುಕೊಟ್ಟಿದ್ದ, ಬಸ್ಸಿಗೆ ಚಿಲ್ಲರೆ ಕೊಟ್ಟಿದ್ದ. ನಂಬರು ಹೇಳಿದರೆ ನಾಳೆಯೇ ಹನ್ನೊಂದು ಪುಸ್ತಕದ ಫೋಟೋ ಆಸ್ಥಾನದ ಫೋನಿನಲ್ಲಿ. ಅವಳು ಇಳಿದು ಹಾಸ್ಟೆಲು ಸೇರುವಷ್ಟರಲ್ಲಿ ಲೇಖನ ಅಚ್ಚಿಗೆ. ಅಡಿಟಿಪ್ಪಣಿಯಲ್ಲಿ ಮತ್ತೆ ಗೆಳೆಯರು. ಹೇಳದಿದ್ದರೆ ಅಧ್ಯಾಯವೇ ಇಲ್ಲ. ಈ ಎರಡರ ನಡುವೆ ಅವಳು ಮಧ್ಯಾಹ್ನವನ್ನೆಲ್ಲ ಅಗಿದು ಅಗಿದು ಕಳೆದಳು.

ಓದುವ ಕೋಣೆ ಮುಚ್ಚುವ ಮೊದಲ ಗಂಟೆ ಬಾರಿಸಿತು. ಡಾಕ್ಟರು ತನ್ನ ಪುಸ್ತಕಗಳನ್ನು ಜೋಡಿಸುತ್ತಾ ಅವಳ ಕಡೆ ತಿರುಗಿದ.

"ಮುಗೀತಾ?"

"ಇಲ್ಲ ಸರ್. ಬೆಳಿಗ್ಗೆ ಫ್ಲೈಟು."

"ಅಯ್ಯೋ. ಇಷ್ಟು ದೂರ ಬಂದು ಅರ್ಧಂಬರ್ಧನಾ? ನೋಡಮ್ಮ, ನಾಳೆ ನಾನು ಬರ್ತೀನಿ. ನನಗೂ ನಾಳೆಯೇ ಕೊನೆ, ಆಮೇಲೆ ಇವರು ಗೋದಾಮು ಮುಚ್ತಾರೆ, ನಾವೂ ಊರಿಗೆ ಹೊರಡ್ತೀವಿ. ನಿಮಗೆ ಏನು ಬೇಕೋ ನಂಬರ್ ಹೇಳಿ. ಈಗ ಒತ್ತಿ ಹೋದ್ರೆ ನಾಳೆ ವ್ಯಾನಲ್ಲಿ ಬರುತ್ತೆ. ಪೂರ್ತಿ ಫೋಟೋ ಹೊಡೆದು ಕಳಿಸ್ತೀನಿ. ನನಗೇನು, ಅಲ್ಲೂ ಕೂರೋದೇ, ಇಲ್ಲೂ ಕೂರೋದೇ."

ನಂಬರು ಅವಳ ನಾಲಿಗೆಯ ತುದಿಗೆ ಬಂದಿತ್ತು. ಮೊದಲ ಅಂಕಿಗೆ ತುಟಿ ತೆರೆದಿದ್ದಳು ಕೂಡ. ಆಗ ಡಾಕ್ಟರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿ ನಕ್ಕ.

"ನಿಜ ಹೇಳಿ. ಕೋಳಿ ಒಂದೇನಾ, ಇಲ್ಲಾ ಬೇರೆ ಏನಾದ್ರೂ ಇದೆಯಾ? ಬೆಳಗಿಂದ ನೋಡ್ತಿದೀನಿ. ನಿಮ್ಮದು ಕೋಳಿ ಮುಖ ಅಲ್ಲ."

ಬೆಳಗಿಂದ ನೋಡ್ತಿದೀನಿ. ಅವಳ ಬಾಯಿ ಮುಚ್ಚಿಕೊಂಡಿತು. ಒಳಗೆ ಬಾಗಿಲು, ಅಗುಳಿ, ಬೀಗ ಎಲ್ಲ ಒಂದರ ಹಿಂದೆ ಒಂದು ಬಿದ್ದವು.

"ಕೋಳಿಯೇ ಸರ್" ಎಂದಳು. "ಗೋದಾಮಲ್ಲಿ ಕೋಳಿ ರೋಗದ ಮೇಲೆ ಏನಾದ್ರೂ ಇದ್ರೆ ಕಳಿಸಿ. ಯಾವ್ದಾದ್ರೂ ಸರಿ."

"ಯಾವ್ದಾದ್ರೂ ಯಾಕೆ, ಒಳ್ಳೇದೇ ಇದೆ. ನಾನು ನೋಡಿದೀನಿ. ನಿಮ್ಮ ಫೋನ್ ನಂಬರ್ ಕೊಡಿ."

ಕೊಡದಿದ್ದರೆ ಇನ್ನಷ್ಟು ಅನುಮಾನ ಬಂದೀತೆಂದು ಕೊಟ್ಟಳು. ಅವನು ಪೆನ್ಸಿಲಿನಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಂಡ. ನಿಮ್ಮದು ಎಂದು ಅವಳು ಕೇಳಲಿಲ್ಲ. ಕೇಳಿದರೆ ಸಂಬಂಧ ಬೆಳೆಯುತ್ತದೆ. ಡಾಕ್ಟರು ಕಂಪ್ಯೂಟರಿನಲ್ಲಿ ಏನೋ ಒತ್ತಿ, ದೂರದಿಂದಲೇ ಅವಳಿಗೆ ಹೆಬ್ಬೆರಳು ತೋರಿಸಿ, ಕೆಮ್ಮುತ್ತಾ ಹೊರಟುಹೋದ.

ಅವಳಿಗೆ ಗೆದ್ದಂತೆ ಅನ್ನಿಸಿತು. ಪುಸ್ತಕ ತನಗೆ ಸಿಗದಿದ್ದರೂ ಆಸ್ಥಾನಕ್ಕೂ ಸಿಗಲಿಲ್ಲ. ಈ ಗೆಲುವನ್ನು ಯಾರಿಗಾದರೂ ಹೇಳದೆ ಇರಲಾರದೆ, ಓಣಿಗೆ ಬಂದು ಹಾಸ್ಟೆಲಿನ ರೂಮ್‌ಮೇಟಿಗೆ ಫೋನ್ ಮಾಡಿದಳು. ಕಾನೂನು ಓದುತ್ತಿದ್ದ ಆ ಹುಡುಗಿ ಯಾವ ಕತೆಯನ್ನೂ ಅರ್ಧಕ್ಕೆ ನಿಲ್ಲಿಸದೆ ಕೇಳುವವಳಲ್ಲ.

"ತಡಿ ತಡಿ" ಎಂದಳು ಅವಳು. "ಆಸ್ಥಾನದ ಕಡೆಯವರು ಅಂತ ಹೇಗೆ ಗೊತ್ತಾಯ್ತು ನಿಂಗೆ?"

"ಅವನೇ ಹೇಳಿದ್ದನಲ್ಲೇ, ದಿನಾ ಲೈಬ್ರರಿ ಕಡೆ ಹೋಗೋರೊಬ್ರು ಇದಾರೆ ಅಂತ."

ಆ ಕಡೆಯಿಂದ ನಗು ಕೇಳಿಸಿತು. "ಅದು ಅವನ ಭಾವ ಕಣೇ! ಮೊನ್ನೆ ಕ್ಯಾಂಟೀನಲ್ಲಿ ಜಂಬ ಕೊಚ್ಚಿಕೊಳ್ತಿದ್ದ, ಫೋಟೋನೂ ತೋರಿಸ್ದ. ಮೂವತ್ತೈದು ವರ್ಷದ ಗಂಡಸು. ಲೈಬ್ರರಿ ಎದುರಿಗೆ ಕಾರು ಮಾರೋ ಅಂಗಡಿ ಇದೆಯಂತೆ, ಅದರಲ್ಲಿ ಕೆಲಸ. ಲೈಬ್ರರಿ ಕಡೆ ಅಂದ್ರೆ ಆ ಕಡೆ. ಪುಸ್ತಕ ಅಂದ್ರೆ ಅವನಿಗೆ ಚೆಕ್ ಪುಸ್ತಕ."

"ಮತ್ತೆ ಇವರು?"

"ಅವರು ಯಾರು ಅಂತ ನಂಗೇನ್ ಗೊತ್ತು? ಅವರೇ ಹೇಳಿದ್ರಲ್ಲ ದನದ ಡಾಕ್ಟ್ರು ಅಂತ. ದನದ ಡಾಕ್ಟ್ರೇ ಇರ್ಬೇಕು. ಓಡು ಹೋಗು ಮಂಗ, ನಂಬರ್ ಹೇಳು!"

ಓಣಿಯ ಕಿಟಕಿಯಿಂದ ಎದುರು ರಸ್ತೆ ಕಾಣುತ್ತಿತ್ತು. ಗಾಜಿನ ಹಿಂದೆ ಹೊಳೆಯುವ ನಾಲ್ಕು ಕಾರುಗಳು, ಅವುಗಳ ನಡುವೆ ಟೈ ಕಟ್ಟಿದ ಒಬ್ಬ ಒಂದು ಕಾರಿನ ಮೂತಿ ಒರೆಸುತ್ತಿದ್ದ. ಬೆಳಿಗ್ಗೆ ಅವಳು ಬಸ್ಸಿಳಿದದ್ದು ಆ ಅಂಗಡಿಯ ಮುಂದೆಯೇ.

ಅವಳು ನೆಲಮಾಳಿಗೆಗೆ ಓಡಿದಳು. ಲಾಕರುಗಳ ಸಾಲಿನಲ್ಲಿ ಬಾಗಿಲುಗಳು ತೆರೆದುಕೊಂಡಿದ್ದವು, ಜನ ಕೋಟು ಏರಿಸಿಕೊಳ್ಳುತ್ತಿದ್ದರು. ಕೈಹೆಣಿಗೆಯ ಸ್ವೆಟರು ಎಲ್ಲೂ ಇಲ್ಲ. ಬಾಗಿಲ ಹೊರಗೆ, ಬಸ್ ನಿಲ್ದಾಣದಲ್ಲಿ, ರಸ್ತೆಯ ಆಚೆ, ಎಲ್ಲೂ ಇಲ್ಲ. ಮತ್ತೆ ಮೇಲಕ್ಕೆ ಓಡಿ ಗಡ್ಡದ ಗುಮಾಸ್ತನನ್ನು ಹಿಡಿದಳು. ತನ್ನ ಪಕ್ಕ ಕುಳಿತಿದ್ದವರಿಗೆ ಒಂದು ಚೀಟಿ ಕೊಡಬೇಕು, ನಾಳೆ ಬೆಳಿಗ್ಗೆ ಬರುತ್ತಾರೆ, ಒಂದು ನಂಬರು ಅಷ್ಟೇ ಎಂದಳು.

ಅವರ ಹೆಸರೇನು ಎಂದು ಅವನು ಕೇಳಿದ.

ಅವಳಿಗೆ ಗೊತ್ತಿರಲಿಲ್ಲ. ಇಡೀ ದಿನ ಮೂಗು ನೋಡಿದ್ದಳು, ಹೆಸರು ಕೇಳಿರಲಿಲ್ಲ.

ಹೆಸರಿಲ್ಲದೆ ಚೀಟಿ ಕೊಡುವುದಾಗಲಿ, ಯಾವ ಕುರ್ಚಿಯಲ್ಲಿ ಯಾರು ಕುಳಿತಿದ್ದರೆಂದು ಹೇಳುವುದಾಗಲಿ ಆಗುವುದಿಲ್ಲ ಎಂದ ಅವನು. ಓದುಗರ ವಿಷಯವನ್ನು ನಾವು ಇನ್ನೊಬ್ಬರಿಗೆ ಹೇಳುವುದಿಲ್ಲ. ನಿಮ್ಮದನ್ನೂ ಯಾರಿಗೂ ಹೇಳುವುದಿಲ್ಲ ಎಂದು ಸಮಾಧಾನ ಬೇರೆ ಮಾಡಿದ. ಕೊನೆಯ ಗಂಟೆ ಬಾರಿಸಿತು. ಹಸಿರು ದೀಪಗಳು ಸಾಲಾಗಿ ಆರಿದವು.

ಬೆಳಿಗ್ಗೆ ಅವಳು ವಿಮಾನ ಹತ್ತಿದಳು. ಫೋನು ಆರಿಸಿಡುವವರೆಗೂ ಅದನ್ನೇ ನೋಡುತ್ತಿದ್ದಳು. ಗೊತ್ತಿಲ್ಲದ ನಂಬರಿನಿಂದ ಒಂದು ಸುಳಿವು ಬಂದರೂ ಸಾಕಿತ್ತು. ಬರಲಿಲ್ಲ. ಇಳಿದು, ಸಾಮಾನು ಸಾಗಿ ಬರುವ ಪಟ್ಟಿಯ ಪಕ್ಕ ನಿಂತು ಫೋನು ತೆರೆದಾಗ ಅದು ಕೈಯಲ್ಲಿ ನಡುಗತೊಡಗಿ ನಿಲ್ಲಲೇ ಇಲ್ಲ. ಒಂದರ ಮೇಲೊಂದು ಫೋಟೋ. ಕೋಳಿಯ ಗಂಟಲು, ಕೋಳಿಯ ಕರುಳು, ಕಾಲು ಸೊಟ್ಟಗಾದ ಕೋಳಿ. ಪ್ರತಿ ಹಾಳೆಯೂ ನೇರ, ಪ್ರತಿ ಅಕ್ಷರವೂ ಸ್ಪಷ್ಟ. ಕೆಲವು ಮೂಲೆಗಳಲ್ಲಿ ಡಾಕ್ಟರ ಹೆಬ್ಬೆರಳು. ಇಡೀ ಸಂಪುಟ, ಮೊದಲಿನಿಂದ ಕೊನೆಯ ರಟ್ಟಿನವರೆಗೆ. ಕೆಳಗೆ ಒಂದು ಸಾಲು: 'ಪೂರ್ತಿ ಇದೆ ನೋಡಮ್ಮ. ಮಡಿಚಿದ ನಕ್ಷೆಯನ್ನೂ ಬಿಡಿಸಿ ತೆಗೆದಿದ್ದೇನೆ.'

ಅವಳು ಅಲ್ಲೇ ಆ ನಂಬರಿಗೆ ಕರೆ ಮಾಡಿದಳು. ಹಿಂದಿನಿಂದ ಮಗುವಿನ ಅಳು ಕೇಳಿಸುತ್ತಿತ್ತು.

"ಬಂತಾ? ಎಲ್ಲಾ ಬಂತಾ?"

"ಬಂತು ಸರ್. ಸರ್, ಇವತ್ತು... ಈಗ ಇನ್ನೊಂದು ಪುಸ್ತಕ ತರಿಸೋಕಾಗುತ್ತಾ?"

"ಈಗಾ? ಬೀಗ ಹಾಕಿದ್ರಲ್ಲಮ್ಮ. ನಾನು ಹೊರಗೆ ಬರೋವಾಗ್ಲೇ ಪೆಟ್ಟಿಗೆ ಮೊಳೆ ಹೊಡೀತಿದ್ರು. ಯಾವ ಪುಸ್ತಕ?"

ಅವಳು ಹೇಳಿದಳು. ಹಾಡಿನ ಪುಸ್ತಕ, ನಾಟಕ ಕಂಪನಿ, ಹೆಂಗಸರ ಹೆಸರು, ಅಧ್ಯಾಯ. ಆ ನಂಬರನ್ನೂ ಹೇಳಿದಳು, ಜನ ಕೇಳುವ ಹಾಗೆ, ದೊಡ್ಡ ದನಿಯಲ್ಲಿ.

"ಹಾಗಾದ್ರೆ ಕೋಳಿ?"

"ಕೋಳಿ ಸುಳ್ಳು ಸರ್."

"ನಿನ್ನೆ ನಾನು ಕೇಳಿದೆ ತಾನೆ, ಬೇರೆ ಏನಾದ್ರೂ ಇದೆಯಾ ಅಂತ?"

"ಕೇಳಿದ್ರಿ."

"ನನಗೆ ದಿನಕ್ಕೆ ಆರು ಪುಸ್ತಕ ಇತ್ತು. ನಿನಗೋಸ್ಕರ ಒಂದು ತರಿಸಿ ಅದರ ಮುಂದೇನೇ ಕೂತಿದ್ದೆ. ಐದು ಹಾಗೇ ಉಳೀತು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಅರ್ಥವಾಗದವರ ದನಿ ಅದು. "ಹೇಳಿದ್ರೆ ನಾನು ಯಾರಿಗೆ ಹೇಳಿಬಿಡ್ತಿದ್ದೆ ಅಂದ್ಕೊಂಡೆ ತಾಯಿ? ಕೋಳಿಗಾ?"

ಅವಳು ಕ್ಷಮೆ ಕೇಳಿದಳು. ಅವರು ಇರಲಿ ಬಿಡು ಎಂದರು. ಮಗು ಜೋರಾಗಿ ಅತ್ತಿತು, ಯಾರೋ ಅವರನ್ನು ಬೈದರು, ಕರೆ ನಿಂತಿತು.

ಒಂದು ವಾರ ಬಿಟ್ಟು ಗೈಡಿನ ಕೋಣೆಯಲ್ಲಿ ಅವಳು ನಿಂತಿದ್ದಳು. ಆಸ್ಥಾನ ಎಂದಿನಂತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ.

"ನೋಡಿದೆಯಾ ಪುಸ್ತಕ?" ಎಂದರು ಗೈಡ್.

"ಇಲ್ಲ ಸರ್."

"ಯಾಕೆ?"

ಅವಳು ಆಸ್ಥಾನದ ಕಡೆ ನೋಡಿದಳು. ಅವನು ಕಿಟಕಿಯ ಆಚೆ ನೋಡುತ್ತಿದ್ದ.

"ಸಿಗಲಿಲ್ಲ ಸರ್."

ಗೈಡ್ ಅವಳ ಕರಡನ್ನು ಎಳೆದುಕೊಂಡು, ಪರಿವಿಡಿಯಲ್ಲಿ ನಾಲ್ಕನೆಯ ಸಾಲಿನ ಮೇಲೆ ಗೀಟು ಎಳೆದರು. ಐದನ್ನು ತಿದ್ದಿ ನಾಲ್ಕು ಮಾಡಿದರು. ಆಸ್ಥಾನ ತಲೆದೂಗಿದ.

ಹೋದದ್ದು ಇಷ್ಟು: ಒಂದು ದಿನ, ಒಂದು ಸಂಪುಟ, ಅದರೊಳಗಿನ ಹನ್ನೊಂದು ಹಾಡಿನ ಪುಸ್ತಕ, ಪ್ರಬಂಧದ ಒಂದು ಅಧ್ಯಾಯ.